ಮನವೊಲಿಕೆ, ಮರುಳು ಮತ್ತು ಯಂತ್ರದ ಮಾತು

ಮಾತಿನಿಂದ ಇನ್ನೊಬ್ಬರ ಮನಸ್ಸನ್ನು ತಿರುಗಿಸುವ ವಿದ್ಯೆ ಬಹು ಪ್ರಾಚೀನವಾದುದು. ಸಾಮ, ದಾನ, ಭೇದ, ದಂಡಗಳೆಂಬ ಚತುರೋಪಾಯಗಳಲ್ಲಿ ಮೊದಲ ಸ್ಥಾನ ದೊರೆತಿರುವುದು ಸಾಮಕ್ಕೆ, ಅಂದರೆ ಒಳ್ಳೆಯ ಮಾತಿಗೆ. ಹನ್ನೊಂದನೆಯ ಶತಮಾನದ ಮಮ್ಮಟನ ‘ಕಾವ್ಯಪ್ರಕಾಶ’ವು ಉಪದೇಶವನ್ನು ಮೂರು ಬಗೆಯಾಗಿ ಕಾಣುತ್ತದೆ: ಒಡೆಯನಂತೆ ಆಜ್ಞಾಪಿಸುವ ಪ್ರಭುಸಂಮಿತ, ಗೆಳೆಯನಂತೆ ತಿಳಿಹೇಳುವ ಸುಹೃತ್ಸಂಮಿತ, ನಲ್ಲೆಯಂತೆ ಒಲಿಸಿ ಒಪ್ಪಿಸುವ ಕಾಂತಾಸಂಮಿತ. ಈ ವಿಂಗಡಣೆ ಕಾವ್ಯಪ್ರಯೋಜನವನ್ನು ಕುರಿತದ್ದಾದರೂ ಮನವೊಲಿಕೆಯ ಸ್ವರೂಪವನ್ನು ಅರಿಯಲು ಇಂದಿಗೂ ನೆರವಾಗುತ್ತದೆ. ಕೃತಕ ಬುದ್ಧಿಮತ್ತೆಯು ಈ ಮೂರು ದನಿಗಳನ್ನೂ ಅನುಕರಿಸಬಲ್ಲ ಈ ಹೊತ್ತಿನಲ್ಲಿ ಅದು ಅಲಂಕಾರಶಾಸ್ತ್ರದ ಪಾಠವಾಗಿ ಮಾತ್ರ ಉಳಿದಿಲ್ಲ.

ಮನವೊಲಿಸುವುದಕ್ಕೂ ಮರುಳುಗೊಳಿಸುವುದಕ್ಕೂ ಇರುವ ಭೇದವನ್ನು ಮೊದಲು ಗುರುತಿಸಬೇಕು. ಮನವೊಲಿಸುವವನು ಕಾರಣಗಳನ್ನು ಮುಂದಿಡುತ್ತಾನೆ. ಕೇಳುವವನಿಗೆ ವಿಚಾರಿಸಲು, ಇತರರೊಡನೆ ಸಮಾಲೋಚಿಸಲು, ಬೇಡವೆನ್ನಲು ಅವಕಾಶವಿರುತ್ತದೆ. ಮರುಳುಗೊಳಿಸುವವನು ಆ ಅವಕಾಶವನ್ನೇ ಕಸಿದುಕೊಳ್ಳುತ್ತಾನೆ. ಹೆಗಲ ಮೇಲಿನ ಆಡನ್ನು ನಾಯಿಯೆಂದು ನಂಬಿ ಬಿಟ್ಟುಹೋದ ಬ್ರಾಹ್ಮಣನ ಪಂಚತಂತ್ರದ ಕಥೆ ಎಲ್ಲರಿಗೂ ಪರಿಚಿತ. ಮೂವರು ಧೂರ್ತರು ಬೇರೆಬೇರೆ ಕಡೆಗಳಲ್ಲಿ ನಿಂತು ಒಂದೇ ಸುಳ್ಳನ್ನು ನುಡಿದುದರಲ್ಲಿ ಅದರ ಮರ್ಮವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ 1984ರ ತನ್ನ ಗ್ರಂಥದಲ್ಲಿ ಹೇಳಿದ ಆರು ತತ್ತ್ವಗಳಲ್ಲಿ ಹಲವರ ಸಾಕ್ಷ್ಯಕ್ಕೆ ಮಣಿಯುವ ಈ ಸ್ವಭಾವವೂ ಒಂದು. ಪ್ರತ್ಯುಪಕಾರ, ಆಡಿದ ಮಾತಿಗೆ ಬದ್ಧತೆ, ಅಧಿಕಾರ, ಆತ್ಮೀಯತೆ ಮತ್ತು ವಿರಳತೆ ಉಳಿದವು.

ಈ ತತ್ತ್ವಗಳು ದೊಡ್ಡ ಪ್ರಮಾಣದಲ್ಲಿ ದುರುಪಯೋಗವಾದ ಒಂದು ಪ್ರಕರಣ ಠಾಣೆ ಜಿಲ್ಲೆಯಲ್ಲಿಯೇ ನಡೆದಿದೆ. 2016ರ ಅಕ್ಟೋಬರಿನಲ್ಲಿ ಠಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ನಡೆಸಿ 70 ಜನರನ್ನು ಬಂಧಿಸಿದರು. ನೂರಾರು ಜನ ವಿಚಾರಣೆಗೆ ಒಳಗಾದರು. ಅಲ್ಲಿನ ಯುವಕ ಯುವತಿಯರು ಅಮೆರಿಕದ ತೆರಿಗೆ ಇಲಾಖೆಯ ಅಧಿಕಾರಿಗಳೆಂದು ಹೇಳಿಕೊಂಡು, ಬಾಕಿ ಕಟ್ಟದಿದ್ದರೆ ಬಂಧನವೆಂದು ಅಲ್ಲಿಯ ಜನರನ್ನು ದೂರವಾಣಿಯಲ್ಲಿ ಬೆದರಿಸಿ ಹಣ ಕೀಳುತ್ತಿದ್ದರು. ಆಡಬೇಕಾದ ಮಾತನ್ನು ಮೊದಲೇ ಬರೆದುಕೊಡಲಾಗಿತ್ತು, ಉಚ್ಚಾರಣೆಯನ್ನು ಕಲಿಸಲಾಗಿತ್ತು. ಪ್ರಭುಸಂಮಿತದ ವಿಕೃತ ಅನುಕರಣೆಯೆಂದು ಇದನ್ನು ಕರೆಯಬಹುದು.

ಎಂಟು ವರ್ಷಗಳ ಬಳಿಕ ಅದೇ ತಂತ್ರ ನಮ್ಮವರ ಮೇಲೆಯೇ ತಿರುಗಿತು. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯನ್ನು ವಿವರಿಸುತ್ತ ಕೇಳಿಸಿದ ಧ್ವನಿಮುದ್ರಿಕೆ ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಕರೆಯದು. ಮೊದಲು ವೈಯಕ್ತಿಕ ವಿವರಗಳ ಸಂಗ್ರಹ, ಅನಂತರ ಸಮವಸ್ತ್ರ ಮತ್ತು ಕಾನೂನಿನ ಕಲಮುಗಳಿಂದ ಭಯ, ಕೊನೆಗೆ ಸಮಯದ ಒತ್ತಡ ಎಂಬ ಮೂರು ಹಂತಗಳನ್ನು ಅಲ್ಲಿ ಗುರುತಿಸಲಾಯಿತು. ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲ. ಆದರೂ ವಿದ್ಯಾವಂತರೇ ಇದಕ್ಕೆ ಬಲಿಯಾಗಿದ್ದಾರೆ. ಭಯಗೊಂಡ ಮನಸ್ಸಿನಲ್ಲಿ ವಿದ್ಯೆಗಿಂತ ಮೊದಲು ವಿಧೇಯತೆ ಎಚ್ಚರಗೊಳ್ಳುತ್ತದೆ.

ಇಂತಹ ವಂಚನೆಗೆ ಯಂತ್ರ ಒದಗಿಸುವ ಅನುಕೂಲಗಳು ಮುಖ್ಯವಾಗಿ ಮೂರು. ಮೊದಲನೆಯದು ಅಗ್ಗದ ದುಡಿಮೆ: ನೂರಾರು ಜನ ಕುಳಿತು ಆಡಬೇಕಿದ್ದ ಮಾತನ್ನು ಒಂದೇ ವ್ಯವಸ್ಥೆ ಏಕಕಾಲಕ್ಕೆ ಸಾವಿರಾರು ಜನರೊಡನೆ ಆಡಬಲ್ಲುದು. ಎರಡನೆಯದು ಆಳನ್ನು ಅರಿತು ಆಡುವ ಮಾತು. 2025ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಪ್ರಕಟವಾದ, 900 ಜನ ಭಾಗವಹಿಸಿದ ಅಧ್ಯಯನದಲ್ಲಿ, ಎದುರಾಳಿಯ ವಯಸ್ಸು, ವಿದ್ಯಾಭ್ಯಾಸ ಮೊದಲಾದ ವಿವರಗಳನ್ನು ಪಡೆದ ಯಂತ್ರವು ಸಮಬಲವಾಗದ ಚರ್ಚೆಗಳ ಪೈಕಿ ಶೇ. 64ರಷ್ಟರಲ್ಲಿ ಮನುಷ್ಯರಿಗಿಂತ ಹೆಚ್ಚು ಮನವೊಲಿಸಿತು. ಮೂರನೆಯದು ಧ್ವನಿಯ ಮತ್ತು ಮುಖದ ಅನುಕರಣೆ. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಹೂಡಿಕೆಯ ಯೋಜನೆಗಳನ್ನು ಹೊಗಳುವಂತೆ ಕಾಣುವ ದೃಶ್ಯಗಳು ನಕಲಿಯೆಂದು 2023ರ ಡಿಸೆಂಬರಿನಲ್ಲಿ ಅವರೇ ಸ್ಪಷ್ಟಪಡಿಸಬೇಕಾಯಿತು.

ಹೊರನಾಡ ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷ ಅಪಾಯವಿದೆ. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಹೊರಗೆ ಮರಾಠಿ, ಹಿಂದಿಗಳಲ್ಲಿ ವ್ಯವಹರಿಸುವ ಕನ್ನಡಿಗನಿಗೆ ಕಿವಿಗೆ ಬಿದ್ದ ಕನ್ನಡವೇ ಒಂದು ಪರಿಚಯಪತ್ರ. “ನೀವು ಯಾವ ಊರಿನವರು?” ಎಂಬ ಒಂದು ಪ್ರಶ್ನೆಯಿಂದ ರೈಲಿನ ಡಬ್ಬಿಯಲ್ಲಿ ಅಪರಿಚಿತರು ಆಪ್ತರಾಗುತ್ತಾರೆ. ವಂಚಕನಿಗೆ ಕನ್ನಡ ಬಾರದಿದ್ದುದು ಇಲ್ಲಿಯವರೆಗೆ ಅರಿವಿಲ್ಲದೆ ದೊರೆತ ರಕ್ಷಣೆಯಾಗಿತ್ತು. ಯಂತ್ರ ಕನ್ನಡದಲ್ಲಿ ಬರೆಯಲೂ ನುಡಿಯಲೂ ಕಲಿತಿರುವುದರಿಂದ ಆ ಬೇಲಿ ಸಡಿಲವಾಗಿದೆ. ಸುಹೃತ್ಸಂಮಿತವೂ ಹುಸಿಯಾಗಬಹುದಾದ ಕಾಲವಿದು.

ಹಾಗೆಂದು ಯಂತ್ರವನ್ನೇ ದೂಷಿಸುವುದು ಸಾಧುವಲ್ಲ. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಪಿತೂರಿಯ ಕಥೆಗಳನ್ನು ನಂಬಿದ್ದ 2,190 ಜನ ಯಂತ್ರದೊಡನೆ ಸಂವಾದಿಸಿದರು. ಸಾಕ್ಷ್ಯಾಧಾರಗಳನ್ನು ಮುಂದಿಟ್ಟ ಆ ಸಂವಾದದಿಂದ ಅವರ ನಂಬಿಕೆ ಸರಾಸರಿ ಶೇ. 20ರಷ್ಟು ತಗ್ಗಿತು, ಎರಡು ತಿಂಗಳ ಬಳಿಕವೂ ಆ ಪರಿಣಾಮ ಉಳಿದಿತ್ತು. ಒಂದೇ ವಿದ್ಯೆ ಭ್ರಮೆಯನ್ನು ಬಿತ್ತಲೂಬಹುದು, ಬಿಡಿಸಲೂಬಹುದು; ಬಳಸುವವರ ಉದ್ದೇಶವೇ ಇಲ್ಲಿ ನಿರ್ಣಾಯಕ.

ಆದುದರಿಂದ ಒಂದು ಮಾತು ಯಾರ ಬಾಯಿಂದ ಬಂದಿತೆಂಬುದಕ್ಕಿಂತ ಅದು ಕೇಳುವವನಿಂದ ಏನನ್ನು ಬಯಸುತ್ತದೆಂಬುದನ್ನು ಗಮನಿಸುವುದು ಹೆಚ್ಚು ಸುರಕ್ಷಿತ. ಯೋಚಿಸಲು ಬಿಡುವು ಕೊಡದ, ಯಾರಿಗೂ ಹೇಳಬೇಡವೆನ್ನುವ ಮಾತು ಎಷ್ಟೇ ಆಪ್ತವಾದ ಕನ್ನಡದಲ್ಲಿದ್ದರೂ ಸಂಶಯಾರ್ಹ. ಅಂತಹ ಕರೆಯನ್ನು ನಿಲ್ಲಿಸಿ, ಮನೆಯವರೊಡನೆ ವಿಚಾರಿಸಿ, ಅಗತ್ಯವಾದರೆ 1930ರ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸುವುದು ಲೋಕವ್ಯವಹಾರದ ಉಪಾಯ. ಶಬ್ದದ ಹಿಂದಿನ ಅಭಿಪ್ರಾಯವನ್ನು, ವಾಚ್ಯದ ಆಚೆಗಿನ ಧ್ವನಿಯನ್ನು ಅರಸುವುದು ಕನ್ನಡ ತರಗತಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಅಭ್ಯಾಸ. ಪಂಪ, ಕುಮಾರವ್ಯಾಸರ ಶಕುನಿಯ ಮಾತನ್ನು ಬಿಡಿಸಿ ನೋಡಲು ಕಲಿತ ವಿದ್ಯಾರ್ಥಿ ಆ ಅಭ್ಯಾಸವನ್ನು ಕೈಯಲ್ಲಿರುವ ದೂರವಾಣಿಯ ಮಾತಿಗೂ ಅನ್ವಯಿಸಿದರೆ ಸಾಹಿತ್ಯದ ಓದು ಅವನ ಮನೆಯನ್ನೂ ಕಾಯುತ್ತದೆ.