ಸುಶ್ರುತಸಂಹಿತೆಯಲ್ಲಿ ಓಷ್ಠಶಸ್ತ್ರಕರ್ಮ

ಅತಿಸ್ಥೂಲವಾದ ತುಟಿಯನ್ನು ಶಸ್ತ್ರದಿಂದ ತಗ್ಗಿಸುವ ಚಿಕಿತ್ಸೆಯು ಈಗ ಪ್ರಸಿದ್ಧವಾಗಿರುವುದಷ್ಟೆ. ಇದು ಸುಶ್ರುತನಿಗೂ ತಿಳಿದಿತ್ತೆಂದು ಸಭೆಗಳಲ್ಲಿ ಹೇಳುವುದುಂಟು. ವಿದ್ಯಾರ್ಥಿಯೊಬ್ಬನು ಇದು ನಿಜವೇ ಎಂದು ಕೇಳಿದಾಗ ನಾನೂ ಗ್ರಂಥವನ್ನು ನೋಡದೆಯೇ ಹೌದೆಂದು ಉತ್ತರ ಕೊಟ್ಟೆನು. ಅನಂತರ ಮೂಲವನ್ನು ತೆರೆದು ನೋಡಲಾಗಿ ಆ ಉತ್ತರವು ಸಾಧುವಲ್ಲವೆಂದು ತಿಳಿಯಿತು. ಅದರ ಕಾರಣವನ್ನು ಇಲ್ಲಿ ನಿರೂಪಿಸುವೆನು.

ಸೂತ್ರಸ್ಥಾನದ 16ನೆಯ ಅಧ್ಯಾಯಕ್ಕೆ ಕರ್ಣವ್ಯಧಬಂಧವಿಧಿಯೆಂದು ಹೆಸರು. ಅದರಲ್ಲಿ ಹರಿದ ಕಿವಿಯನ್ನು ಜೋಡಿಸುವ 15 ಬಗೆಗಳನ್ನು ಹೇಳಿ, ಬಳಿಕ ಛಿನ್ನವಾದ ಮೂಗನ್ನು ಕಟ್ಟುವ ಕ್ರಮವನ್ನು ವಿವರಿಸಿದೆ. ಮೂಗಿನ ಅಳತೆಯ ಎಲೆಯನ್ನು ತೆಗೆದುಕೊಂಡು, ಆ ಪ್ರಮಾಣದ ಮಾಂಸವನ್ನು ಕೆನ್ನೆಯಿಂದ ಸಂಬಂಧವು ಕಡಿಯದಂತೆ ಎತ್ತಿ ಮೂಗಿಗೆ ಸೇರಿಸಬೇಕು; ಎರಡು ನಾಳಗಳನ್ನಿಟ್ಟು ಅದನ್ನು ಎತ್ತಿ ನಿಲ್ಲಿಸಬೇಕು; ಗಾಯವು ಮಾದ ಮೇಲೆ ಸಂಬಂಧವನ್ನು ಕತ್ತರಿಸಿ, ಕುಂದಿದುದನ್ನು ಬೆಳೆಯಿಸಲು ಯತ್ನಿಸಬೇಕು, ಅತಿಯಾಗಿ ಬೆಳೆದ ಮಾಂಸವನ್ನು ಸಮಮಾಡಬೇಕು. ತುಟಿಯ ವಿಷಯದಲ್ಲಿ ಅಲ್ಲಿ ಹೇಳಿರುವುದು ಇಷ್ಟೇ: ನಾಳಗಳನ್ನು ಬಿಟ್ಟು ಉಳಿದುದೆಲ್ಲವೂ ಮೂಗಿನಂತೆ.

ಇದನ್ನು ಮೀಮಾಂಸಕರು ಅತಿದೇಶವೆನ್ನುವರು. ಒಂದೆಡೆ ವಿಧಿಸಿದ ಧರ್ಮಗಳನ್ನು ಮತ್ತೊಂದೆಡೆಗೆ ಒಯ್ಯುವುದೇ ಅತಿದೇಶ. ಹಾಗಾದರೆ ಮಾಂಸವನ್ನು ಸಮಮಾಡುವ ಕಾರ್ಯವೂ ತುಟಿಗೆ ಬಂದಿತಲ್ಲವೇ ಎಂದು ಆಕ್ಷೇಪಿಸಬಹುದು. ಬಂದಿತು, ನಿಜ, ಆದರೆ ಹೇಗಿದ್ದಿತೋ ಹಾಗೆಯೇ ಬಂದಿತು. ಮೂಗಿನಲ್ಲಿ ಸಮಮಾಡತಕ್ಕದ್ದು ಸಂಧಾನದ ಬಳಿಕ ಹೆಚ್ಚಾಗಿ ಬೆಳೆದ ಮಾಂಸವನ್ನು, ಹುಟ್ಟಿನಿಂದ ದೊಡ್ಡದಾದ ಮೂಗನ್ನಲ್ಲ. ಆದುದರಿಂದ ತುಟಿಯಲ್ಲಿಯೂ ಸಂಧಾನಶೇಷವೇ ಗ್ರಾಹ್ಯವು, ಸಹಜವಾದ ಸ್ಥೌಲ್ಯವಲ್ಲ.

ಇದಕ್ಕೆ ಗ್ರಂಥದಲ್ಲಿಯೇ ಉಪೋದ್ಬಲಕವುಂಟು. ನಿದಾನಸ್ಥಾನದ 16ನೆಯ ಅಧ್ಯಾಯದಲ್ಲಿ ತುಟಿಯ 8 ರೋಗಗಳನ್ನು ಎಣಿಸಿದೆ. ಅವುಗಳಲ್ಲಿ ತುಟಿಯು ಮಾಂಸಪಿಂಡದಂತೆ ಭಾರವಾಗಿ ದಪ್ಪವಾಗುವುದು ಮಾಂಸಜವು. ಶಸ್ತ್ರದಿಂದ ತಗ್ಗಿಸುವುದು ಆಚಾರ್ಯನಿಗೆ ಇಷ್ಟವಾಗಿದ್ದರೆ ಇಲ್ಲಿಯೇ ವಿಧಿಸಬೇಕಾಗಿತ್ತು. ಆದರೆ ಚಿಕಿತ್ಸಾಸ್ಥಾನದ 22ನೆಯ ಅಧ್ಯಾಯದಲ್ಲಿ ಮಾಂಸಜವನ್ನು ರಕ್ತಜ ತ್ರಿದೋಷಜಗಳೊಡನೆ ವರ್ಜ್ಯವೆಂದು ಬಿಟ್ಟಿದೆ. ಮೇದೋಜದಲ್ಲಿ ಮಾತ್ರ ಸೀಳಿ, ಶೋಧಿಸಿ, ಸುಡುವ ವಿಧಿಯಿದೆ; ಅದು ರೋಗನಿವಾರಣಕ್ಕೆ, ಸೌಂದರ್ಯಕ್ಕಲ್ಲ.

ಈಗಿನ ವೈದ್ಯರ ಕ್ರಮವೇ ಬೇರೆ. ತುಟಿಯ ಒಳಗಿನ ಒದ್ದೆಯಾದ ಪೊರೆಯಲ್ಲಿ ಅಡ್ಡಲಾಗಿ ಕೊಯ್ದು, ಹೆಚ್ಚಾದ ಪೊರೆಯನ್ನೂ ಅದರಡಿಯ ಗ್ರಂಥಿಗಳನ್ನೂ ತೆಗೆದು ಹೊಲಿಯುತ್ತಾರೆ. ಕಲೆಯು ಬಾಯೊಳಗೆ ಅಡಗಿರುತ್ತದೆ. ಬಾವು, ಜೋಮು, ಎಡಬಲಗಳ ವೈಷಮ್ಯ ಇವು ಸಂಭವಿಸಬಹುದು. ಅತಿಯಾಗಿ ತೆಗೆದರೆ ಸರಿಪಡಿಸುವುದು ಕಷ್ಟ. ಸಹಜವಾಗಿ ತುಂಬಿದ ತುಟಿಯು ರೋಗವಲ್ಲವೆಂಬುದನ್ನೂ ಮರೆಯತಕ್ಕದ್ದಲ್ಲ.

ಪ್ರಾಚೀನರದು ಕಳೆದುದನ್ನು ಕೂಡಿಸುವ ವಿದ್ಯೆ. ಇದು ಇದ್ದುದನ್ನು ಕಳೆಯುವ ವಿದ್ಯೆ. ಕೆನ್ನೆಯ ಮಾಂಸದಿಂದ ಮೂಗನ್ನು ಕಟ್ಟುವ ವಿಧಿಯನ್ನು ಬರೆದಿಟ್ಟ ಶಾಸ್ತ್ರಕ್ಕೆ ಅದು ಹೇಳದ ಮಾತಿನಿಂದ ಕೀರ್ತಿಯನ್ನು ತರಬೇಕಾಗಿಲ್ಲ. ಆ ವಿದ್ಯಾರ್ಥಿಗೆ ನನ್ನ ತಪ್ಪನ್ನು ತಿಳಿಸಿರುತ್ತೇನೆ. ಅಧ್ಯಾಪಕಮಹಾಶಯರು ಇಂತಹ ಪ್ರಶ್ನೆ ಬಂದಾಗ ಮೊದಲು ಗ್ರಂಥವನ್ನು ತೆರೆಯುವರೆಂದು ನಂಬಿದ್ದೇನೆ.