ನೂರು ಡಾಲರ್ ನೋಟಿನ ಭೂಪ್ರದಕ್ಷಿಣೆ

2024ರ ಜೂನ್ ಮೊದಲ ವಾರ. ನ್ಯೂಯಾರ್ಕ್ ನಗರದ ವಸತಿ ಪ್ರಾಧಿಕಾರ ಬಾಡಿಗೆ ನೆರವಿನ ವೋಚರ್‌ಗೆ ಅರ್ಜಿ ಕರೆಯಿತು. ಹತ್ತಿರ ಹತ್ತಿರ 15 ವರ್ಷ ಮುಚ್ಚಿದ್ದ ಪಟ್ಟಿ ಅದು. ಈಗ ತೆರೆದಿದ್ದು ಏಳೇ ದಿನ. ಆ ಏಳು ದಿನಗಳಲ್ಲಿ ಬಂದ ಅರ್ಜಿಗಳು 6 ಲಕ್ಷ 33 ಸಾವಿರ! ಅಂದರೆ ದಿನಕ್ಕೆ 90 ಸಾವಿರ, ನಿಮಿಷಕ್ಕೆ 62. ಹಗಲು ರಾತ್ರಿಯೆನ್ನದೆ, ವಾರವಿಡೀ, ಸೆಕೆಂಡಿಗೆ ಒಂದರಂತೆ ಒಂದೊಂದು ಕುಟುಂಬ ಬಂದು ಬಾಗಿಲು ತಟ್ಟಿದ ಲೆಕ್ಕ. ಲಾಟರಿ ಎತ್ತಿ 2 ಲಕ್ಷ ಮಂದಿಯನ್ನು ಪಟ್ಟಿಗೆ ಸೇರಿಸಿದರು. ಉಳಿದ 4 ಲಕ್ಷ 33 ಸಾವಿರ ಅರ್ಜಿದಾರರಿಗೆ ಸಾಲಿನಲ್ಲಿ ನಿಲ್ಲುವ ಭಾಗ್ಯವೂ ಸಿಗಲಿಲ್ಲ. ಸಿಕ್ಕವರ ಗತಿಯಾದರೂ ಏನು? ತಿಂಗಳಿಗೆ ಸುಮಾರು ಸಾವಿರ ವೋಚರ್ ಕೊಡುವುದಾಗಿ ಪ್ರಾಧಿಕಾರ ಆಗ ಹೇಳಿತ್ತು. ಆ ಲೆಕ್ಕದಲ್ಲಿ ಕೊನೆಯವರ ಸರದಿ ಬರಲು 200 ತಿಂಗಳು ಬೇಕು. ಇಂದು ಹುಟ್ಟಿದ ಮಗು ಎಸ್‌ಎಸ್‌ಎಲ್‌ಸಿ ಪಾಸಾಗುವಷ್ಟು ಕಾಲ!

ಈ ಸಾಲು ಇಷ್ಟು ಉದ್ದವಾದದ್ದು ಯಾರಿಂದ? ಅಮೆರಿಕದ ರಾಜಕೀಯ ವರ್ಷಗಳಿಂದ ಕಾದಾಡುತ್ತಿರುವ ಪ್ರಶ್ನೆ ಇದೇ. ಅಕ್ರಮವಾಗಿ ಬಂದವರಿಂದ ಎಂದು ಒಂದು ಪಕ್ಷ. ಅಲ್ಲವೇ ಅಲ್ಲ ಎಂದು ಇನ್ನೊಂದು. ಯಾರು ಸರಿ ಎನ್ನುವುದು ಆಮೇಲಿರಲಿ. ಇವರು ಪರಸ್ಪರ ಎಸೆದಾಡುವ ಅಂಕಿಗಳ ಗಾತ್ರವನ್ನಾದರೂ ಒಮ್ಮೆ ನೋಡಿ.

ಮೊದಲನೆಯದಾಗಿ, ದಾಖಲೆಯಿಲ್ಲದೆ ನೆಲೆಸಿರುವವರು ಎಷ್ಟು ಮಂದಿ? 2022ರ ಆರಂಭಕ್ಕೆ 1.1 ಕೋಟಿ ಎಂದಿತು ಅಲ್ಲಿನ ಗೃಹಭದ್ರತಾ ಇಲಾಖೆ. ಇಡೀ ಪೋರ್ಚುಗಲ್ ದೇಶದ ಜನಸಂಖ್ಯೆಗಿಂತ ಹೆಚ್ಚು. 2023ಕ್ಕೆ 1.4 ಕೋಟಿ ಎಂದಿತು ಪ್ಯೂ ಸಂಶೋಧನಾ ಸಂಸ್ಥೆ. 2024ರ ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆಯಲ್ಲಿ ಜೆ.ಡಿ. ವ್ಯಾನ್ಸ್ ಹೇಳಿದ್ದು 2ರಿಂದ 2.5 ಕೋಟಿ; ಮನೆಗಳ ಬೆಲೆ ಏರಿದ್ದಕ್ಕೂ ಅವರೇ ಕಾರಣ ಎಂದರು. ಕಡಿಮೆ ಅಂಕಿಗೂ ಹೆಚ್ಚಿನ ಅಂಕಿಗೂ ನಡುವೆ 1.4 ಕೋಟಿ ಜನರ ಅಂತರ. ಇಂದಿನ ಬೆಂಗಳೂರಿನಷ್ಟು ದೊಡ್ಡ ಊರೊಂದು ಇದೆಯೋ ಇಲ್ಲವೋ ಎನ್ನುವುದೇ ಇತ್ಯರ್ಥವಾಗಿಲ್ಲ! ನಮ್ಮವರ ಲೆಕ್ಕವೂ ಇದಕ್ಕಿಂತ ಭಿನ್ನವಲ್ಲ. ಅಲ್ಲಿ ದಾಖಲೆಯಿಲ್ಲದೆ ಇರುವ ಭಾರತೀಯರು 2022ರಲ್ಲಿ 2 ಲಕ್ಷ 20 ಸಾವಿರ ಎಂದು ಇಲಾಖೆ ಹೇಳಿದರೆ, 7 ಲಕ್ಷ 25 ಸಾವಿರ ಎಂದು ಪ್ಯೂ ಅಂದಾಜಿಸಿತು. ನಡುವೆ 5 ಲಕ್ಷ ಮಂದಿ. 2011ರ ಜನಗಣತಿಯ ಒಂದಿಡೀ ಮಂಗಳೂರು ನಗರ.

ಇನ್ನು ಗಡಿ. ಅಮೆರಿಕ ಮತ್ತು ಮೆಕ್ಸಿಕೋ ನಡುವಿನ ಗಡಿಯ ಉದ್ದ 3,145 ಕಿ.ಮೀ. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214 ಕಿ.ಮೀ. ಎಂದು ಶಾಲೆಯಲ್ಲಿ ಉರುಹೊಡೆದದ್ದು ನೆನಪಿದೆಯಲ್ಲ, ಹೆಚ್ಚುಕಡಿಮೆ ಅಷ್ಟೇ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಈ ಗೆರೆ ದಾಟಿ ಗಸ್ತು ಪಡೆಯ ಕೈಗೆ ಸಿಕ್ಕ ಪ್ರಕರಣಗಳು ಸುಮಾರು 2.5 ಲಕ್ಷ. ಐವತ್ತು ಸೀಟಿನ ಬಸ್ಸುಗಳಲ್ಲಿ ಅಷ್ಟು ಜನರನ್ನು ಕೂರಿಸಿದರೆ 5,000 ಬಸ್ಸು ಬೇಕು. ತಿಂಗಳಿಡೀ, ಒಂಬತ್ತು ನಿಮಿಷಕ್ಕೊಂದು ಬಸ್ಸು ಬಂದು ನಿಂತಂತೆ. ಒಂದೂವರೆ ವರ್ಷ ಕಳೆದು 2025ರ ಜೂನ್ ಬಂತು. ಆ ತಿಂಗಳ ಲೆಕ್ಕ ಬರೀ 6,000! ದಿನಕ್ಕೆ ನಾಲ್ಕು ಬಸ್ಸು. ನಲವತ್ತು ಪಾಲಿದ್ದದ್ದು ಒಂದು ಪಾಲಿಗೆ ಇಳಿದಿತ್ತು. ಮನೆಗಾಗಿ ಕಾಯುವವರ ಸಾಲು ಮಾತ್ರ ನಲವತ್ತರಲ್ಲಿ ಒಂದು ಪಾಲಾಗಲಿಲ್ಲ.

ಗಡಿಗೊಂದು ಗೋಡೆಯೂ ಎದ್ದಿತ್ತು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಸುಮಾರು 737 ಕಿ.ಮೀ. ಉಕ್ಕಿನ ಗೋಡೆ ನಿಂತಿತು. ಬಹುಪಾಲು ಹಳೆಯ ಬೇಲಿ ಕಿತ್ತ ಜಾಗದಲ್ಲೇ. ಖರ್ಚು ಸುಮಾರು 1,500 ಕೋಟಿ ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ ಕಿಲೋಮೀಟರಿಗೆ 173 ಕೋಟಿ ರೂಪಾಯಿ, ಮೀಟರಿಗೆ 17 ಲಕ್ಷ! ಬೆಂಗಳೂರಿನ ಇಸ್ರೋದವರು ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಸಿದ ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ. ಅಷ್ಟು ಹಣಕ್ಕೆ ಈ ಗೋಡೆ ಮೂರೂವರೆ ಕಿಲೋಮೀಟರ್ ಬರುತ್ತದೆ. ತಮಾಷೆಯೆಂದರೆ 2023ರ ಒಂದೇ ಹಣಕಾಸು ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಮಂದಿ ವೀಸಾ ಅವಧಿ ಮುಗಿದರೂ ಅಲ್ಲೇ ಉಳಿದರೆಂದು ಗೃಹಭದ್ರತಾ ಇಲಾಖೆಯೇ ಲೆಕ್ಕ ಕೊಟ್ಟಿದೆ. ಅವರು ಗೋಡೆಯನ್ನು ಕಂಡವರೇ ಅಲ್ಲ. ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಬಾಗಿಲಿನಿಂದಲೇ ಒಳಬಂದವರು.

ಗಡಿ ದಾಟಿ ಬಂದವರಲ್ಲಿ ನ್ಯೂಯಾರ್ಕ್ ಸೇರಿದವರು ಎಷ್ಟು? 2022ರ ವಸಂತದಿಂದ ಮೂರು ವರ್ಷಗಳಲ್ಲಿ 2 ಲಕ್ಷ 30 ಸಾವಿರಕ್ಕೂ ಹೆಚ್ಚು. ಸೂರಿಲ್ಲ ಎಂದು ಬಂದವರಿಗೆ ಸೂರು ಕೊಡಲೇಬೇಕೆಂಬ ಕಟ್ಟಳೆ ಆ ನಗರಕ್ಕೆ 1981ರಿಂದಲೇ ಇದೆ. ಹಾಗಾಗಿ ಹೋಟೆಲುಗಳನ್ನೇ ಗುತ್ತಿಗೆಗೆ ಹಿಡಿದರು. ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಹತ್ತಿರದ ರೂಸ್‌ವೆಲ್ಟ್ ಹೋಟೆಲನ್ನೇ ನೋಡಿ. 1924ರಲ್ಲಿ ಶುರುವಾದದ್ದು, ಸಾವಿರಕ್ಕೂ ಹೆಚ್ಚು ಕೋಣೆ. ಆಗಿನ ಮಾಲೀಕರು ಯಾರು ಗೊತ್ತೆ? ಪಾಕಿಸ್ತಾನದ ಸರ್ಕಾರಿ ವಿಮಾನ ಸಂಸ್ಥೆ! 2023ರ ಮೇ ತಿಂಗಳಲ್ಲಿ ಅದು ವಲಸಿಗರ ನೋಂದಣಿ ಕೇಂದ್ರವಾಯಿತು. 2025ರ ಫೆಬ್ರವರಿ ಹೊತ್ತಿಗೆ ಅಲ್ಲಿ ಹೆಸರು ಬರೆಸಿದವರು 1 ಲಕ್ಷ 73 ಸಾವಿರ ಮಂದಿ. ಚೀಲ, ಮಕ್ಕಳು, ಕಾಗದಪತ್ರ ಹಿಡಿದು ದಿನಕ್ಕೆ ಸರಾಸರಿ 260ಕ್ಕೂ ಹೆಚ್ಚು ಜನ. 2011ರ ಹಾಸನ ನಗರದ ಅಷ್ಟೂ ಜನ ಒಂದೇ ಹೋಟೆಲಿನ ಬಾಗಿಲಲ್ಲಿ ಹಾದುಹೋದರೂ ಈ ಸಂಖ್ಯೆ ಮುಟ್ಟುವುದಿಲ್ಲ. ನಗರಕ್ಕೆ ಒಟ್ಟು ಬಿದ್ದ ಹೊರೆ 700 ಕೋಟಿ ಡಾಲರ್ ದಾಟಿತು.

700 ಕೋಟಿ ಡಾಲರ್ ಎಂದರೆ ಎಷ್ಟು? ಇಲ್ಲಿಂದ ಮುಂದೆ ಒಂದೇ ಅಳತೆಗೋಲು ಹಿಡಿಯೋಣ. ನೂರು ಡಾಲರ್ ನೋಟಿನ ಉದ್ದ ಸುಮಾರು 15.6 ಸೆಂಟಿಮೀಟರ್, ಭೂಮಿಯ ಸುತ್ತಳತೆ ಸುಮಾರು 40 ಸಾವಿರ ಕಿ.ಮೀ. ನೋಟುಗಳನ್ನು ಒಂದರ ತುದಿಗೆ ಒಂದರಂತೆ ಜೋಡಿಸುತ್ತ ಹೋಗೋಣ. ನ್ಯೂಯಾರ್ಕಿನ 700 ಕೋಟಿ ಡಾಲರ್ ಭೂಮಿಯನ್ನು ಕಾಲು ಸುತ್ತು ಸುತ್ತಿ ನಿಲ್ಲುತ್ತದೆ. ಕಾಲು ಸುತ್ತೇನೂ ಸಣ್ಣದಲ್ಲ. ಸುಮಾರು 10,900 ಕಿ.ಮೀ. ಸಾಲುಸಾಲು ನೋಟು.

ಈ ಕಾಲು ಸುತ್ತಿನ ಪಕ್ಕದಲ್ಲೇ ನ್ಯೂಯಾರ್ಕಿನ ಸರ್ಕಾರಿ ವಸತಿಯ ಇನ್ನೊಂದು ಅಂಕಿ ಕೂತಿದೆ. ವಸತಿ ಪ್ರಾಧಿಕಾರ 2023ರಲ್ಲಿ ತನ್ನ ಕಟ್ಟಡಗಳ ತಪಾಸಣೆ ಮಾಡಿಸಿತು. 1.6 ಲಕ್ಷ ಮನೆಗಳ ಸೋರುವ ಕೊಳವೆ, ಕೆಟ್ಟ ಲಿಫ್ಟ್, ಹಳೆಯ ಬಾಯ್ಲರ್ ಎಲ್ಲವನ್ನೂ 20 ವರ್ಷಗಳಲ್ಲಿ ಸರಿಪಡಿಸಲು ಬೇಕಾದ ಹಣ 7,830 ಕೋಟಿ ಡಾಲರ್. ನೋಟುಗಳು ಭೂಮಿಗೆ ಮೂರು ಸುತ್ತು ಬಂದವು! ರೂಪಾಯಿಯಲ್ಲಿ 6.65 ಲಕ್ಷ ಕೋಟಿ. ಕರ್ನಾಟಕದ 2025-26ರ ಇಡೀ ಬಜೆಟ್ 4.09 ಲಕ್ಷ ಕೋಟಿ. ಒಂದೊಂದು ಮನೆಯ ಪಾಲಿಗೆ 4 ಲಕ್ಷ 85 ಸಾವಿರ ಡಾಲರ್, ಅಂದರೆ 4 ಕೋಟಿ ರೂಪಾಯಿಗೂ ಮೇಲೆ. ಇದು ಹೊಸ ಮನೆ ಕಟ್ಟುವ ಖರ್ಚಲ್ಲ, ಬರೀ ರಿಪೇರಿ!

ಹೋಗಲಿ, ಸರ್ಕಾರಿ ನೆರವಿನ ಮನೆಗಳಲ್ಲಿ ಅಕ್ರಮವಾಗಿ ಬಂದವರು ಎಷ್ಟು ಮಂದಿ ಇದ್ದಾರೆ? ದಾಖಲೆಯಿಲ್ಲದವರ ಹೆಸರಿಗೆ ನೆರವು ಕೊಡಕೂಡದೆಂದು ಕಾನೂನೇ ಇದೆ. ಆದರೆ ಹಕ್ಕಿರುವವರೂ ಇಲ್ಲದವರೂ ಒಟ್ಟಿಗಿರುವ ಕುಟುಂಬಗಳುಂಟು. ಅಂಥಲ್ಲಿ ತಲೆಲೆಕ್ಕ ಹಾಕಿ ಕಡಿತ ಮಾಡುತ್ತಾರೆ. ನಾಲ್ವರ ಮನೆಯಲ್ಲಿ ಒಬ್ಬನಿಗೆ ಹಕ್ಕಿಲ್ಲದಿದ್ದರೆ 1,200 ಡಾಲರ್ ನೆರವು 900ಕ್ಕೆ ಇಳಿಯುತ್ತದೆ. ಉಳಿದ 300 ಡಾಲರನ್ನು ಮನೆಯವರೇ ತುಂಬಬೇಕು. ಇಂಥ ಕುಟುಂಬಗಳನ್ನು ಹೊರಗೆ ಕಳಿಸುವ ಪ್ರಸ್ತಾಪ 2019ರಲ್ಲಿ ಬಂದಾಗ ಕೇಂದ್ರ ವಸತಿ ಇಲಾಖೆಯೇ ಎಣಿಸಿ ನೋಡಿತು. ದೇಶಕ್ಕೆಲ್ಲ 25 ಸಾವಿರ ಕುಟುಂಬ, 1 ಲಕ್ಷ 8 ಸಾವಿರ ಜನ. ಅವರಲ್ಲಿ 76 ಸಾವಿರ ಮಂದಿಗೆ ನೆರವಿನ ಹಕ್ಕಿತ್ತು; ಆ ಹಕ್ಕಿದ್ದವರಲ್ಲಿ 55 ಸಾವಿರ ಮಂದಿ ಮಕ್ಕಳು. ಹಕ್ಕಿಲ್ಲದವರು 32 ಸಾವಿರ. ಬಾಡಿಗೆ ನೆರವು ಪಡೆಯುವ 90 ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಎದುರು ಇಟ್ಟರೆ ಸಾವಿರಕ್ಕೆ ನಾಲ್ವರೂ ಆಗುವುದಿಲ್ಲ! ಖಾಸಗಿ ಬಾಡಿಗೆ ಮನೆಗಳಿಗೆ ವಲಸಿಗರ ಪೈಪೋಟಿ ಇಲ್ಲವೆಂದಲ್ಲ. ಅದು ಬೇರೆ ಸಾಲು, ಬೇರೆ ಲೆಕ್ಕ.

ಈಗ ದೊಡ್ಡ ಮೊತ್ತಗಳ ಸರದಿ. ಬಡ ಕುಟುಂಬಗಳ ಕೈಗೆ ನಗದು ಕೊಡುವ ಯೋಜನೆಗೆ ಕೇಂದ್ರದ ಅನುದಾನ ವರ್ಷಕ್ಕೆ 1,650 ಕೋಟಿ ಡಾಲರ್. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಈ ಯೋಜನೆಯ ಕಾನೂನಿಗೆ ಸಹಿ ಹಾಕಿದಾಗ ಎಷ್ಟಿತ್ತೋ ಈಗಲೂ ಅಷ್ಟೇ. ನೋಟುಗಳು ಭೂಮಿಗೆ ಒಂದು ಸುತ್ತೂ ಬರುವುದಿಲ್ಲ. ಆಹಾರ ನೆರವು 2024ರಲ್ಲಿ ಸುಮಾರು 10,000 ಕೋಟಿ ಡಾಲರ್: ಹತ್ತಿರ ಹತ್ತಿರ ನಾಲ್ಕು ಸುತ್ತು. ಪಡೆದವರು 4 ಕೋಟಿ 17 ಲಕ್ಷ ಮಂದಿ, ಎಂಟು ಅಮೆರಿಕನ್ನರಲ್ಲಿ ಒಬ್ಬರು. ಒಬ್ಬೊಬ್ಬರಿಗೆ ದಕ್ಕಿದ್ದು ತಿಂಗಳಿಗೆ 187 ಡಾಲರ್, ದಿನಕ್ಕೆ 6 ಡಾಲರ್ ಚಿಲ್ಲರೆ. 2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ 23 ಸೆಂಟ್. ಭೂಮಿಗೆ ನಾಲ್ಕು ಸುತ್ತು ಬರುವ ಹಣ ಒಬ್ಬನ ಕೈಗೆ ಬರುವ ಹೊತ್ತಿಗೆ ದಿನಕ್ಕೊಂದು ಡಜನ್ ಮೊಟ್ಟೆಗೂ ಸಾಲಲಿಲ್ಲ.

ಈ ಆಹಾರ ನೆರವು ದಾಖಲೆಯಿಲ್ಲದವರಿಗೆ ಇಲ್ಲ. ಅವರು ಕಟ್ಟುವ ತೆರಿಗೆ ಎಷ್ಟು? 2022ರಲ್ಲಿ 9,670 ಕೋಟಿ ಡಾಲರ್ ಎಂದು ಎಡ ಒಲವಿನ ಐಟಿಇಪಿ ಸಂಸ್ಥೆ ಲೆಕ್ಕ ಹಾಕಿತು. ಅದೂ ಹತ್ತಿರ ಹತ್ತಿರ ನಾಲ್ಕು ಸುತ್ತು! ಅವರಿಂದ ದೇಶಕ್ಕೆ ಬೀಳುವ ನಿವ್ವಳ ಹೊರೆ ವರ್ಷಕ್ಕೆ 15,070 ಕೋಟಿ ಡಾಲರ್ ಎಂದು ವಲಸೆ ವಿರೋಧಿ ಫೇರ್ ಸಂಸ್ಥೆ 2023ರಲ್ಲಿ ಎದುರು ಲೆಕ್ಕ ಕೊಟ್ಟಿತು. ಅದು ಆರು ಸುತ್ತು. ಅಲ್ಲೇ ಹುಟ್ಟಿ ಪೌರರಾದ ಮಕ್ಕಳ ಖರ್ಚನ್ನೂ ಆ ಮೊತ್ತಕ್ಕೆ ಸೇರಿಸಿದ್ದಾರೆಂಬ ತಕರಾರು ಇದ್ದೇ ಇದೆ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಗಡಿ, ಬಂಧನ, ಗಡೀಪಾರಿಗೆಂದು ತೆಗೆದಿರಿಸಿದ್ದು ಸುಮಾರು 17,000 ಕೋಟಿ ಡಾಲರ್: ಆರೂವರೆ ಸುತ್ತು. ಈ ಹಣದಲ್ಲಿ ಚಂದ್ರಯಾನ-3ರಂಥ ನೌಕೆಗಳನ್ನು ದಿನಕ್ಕೊಂದರಂತೆ ಹಾರಿಸುತ್ತ ಹೋದರೆ 64 ವರ್ಷ ಹಾರಿಸಬಹುದು!

ಇವೆಲ್ಲವನ್ನೂ ಕುಬ್ಜವಾಗಿಸುವ ಒಂದು ಮೊತ್ತವಿದೆ. ಅದರ ಬಗ್ಗೆ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ. ನಿವೃತ್ತರು ಮತ್ತು ಅಂಗವಿಕಲರ ಪಿಂಚಣಿ, ಅಂದರೆ ಸೋಷಿಯಲ್ ಸೆಕ್ಯುರಿಟಿಗೆ 2024ರಲ್ಲಿ ಖರ್ಚಾದದ್ದು ಹೆಚ್ಚುಕಡಿಮೆ ಒಂದೂವರೆ ಲಕ್ಷ ಕೋಟಿ ಡಾಲರ್. ನೋಟುಗಳು ಭೂಮಿಗೆ 57 ಸುತ್ತು ಬರುತ್ತವೆ. ಅಷ್ಟು ಸುತ್ತಲು ಬೇಸರವಾದರೆ ಚಂದ್ರನಿಗೆ ಮೂರು ಸಲ ಹೋಗಿ ಬರಬಹುದು! ಭಾರತದ 2025-26ರ ಕೇಂದ್ರ ಬಜೆಟ್ಟಿನ ಎರಡೂವರೆ ಪಟ್ಟು. ಇದೇ ನಿಧಿಗೆ ದಾಖಲೆಯಿಲ್ಲದ ಕೆಲಸಗಾರರು 2022ರಲ್ಲಿ 2,570 ಕೋಟಿ ಡಾಲರ್ ಕಟ್ಟಿದರೆಂದು ಐಟಿಇಪಿ ಹೇಳುತ್ತದೆ. ದಾಖಲೆ ಸಿಗದ ಹೊರತು ಮುದಿವಯಸ್ಸಿನಲ್ಲಿ ಅವರು ಅದರಿಂದ ಒಂದು ಸೆಂಟೂ ಪಡೆಯುವಂತಿಲ್ಲ.

ಹಾಗಾದರೆ ಕಾನೂನು ಪ್ರಕಾರವೇ ಹೋಗಬಾರದೇ ಎಂದು ಕೇಳುವಿರಿ. ಹೋಗಿ, ಸಾಲು ಅಲ್ಲೂ ಇದೆ. ಅಲ್ಲಿನ ವಲಸೆ ನ್ಯಾಯಾಲಯಗಳಲ್ಲಿ 2024ರ ಕೊನೆಗೆ ಬಾಕಿಯಿದ್ದ ಪ್ರಕರಣಗಳು ಸುಮಾರು 37 ಲಕ್ಷ. ನ್ಯಾಯಾಧೀಶರು 700ರ ಆಸುಪಾಸು. ತಲೆಗೆ 5,300 ಕಡತ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ನಿಲ್ಲುವ ಸಾಲು ಇನ್ನೂ ಸೊಗಸಾದದ್ದು. ಉದ್ಯೋಗದ ಮೇಲೆ ಗ್ರೀನ್ ಕಾರ್ಡ್ ಕೇಳಿ ಕಾಯುತ್ತಿದ್ದ ಭಾರತೀಯರು 2023ರಲ್ಲಿ ಸುಮಾರು 11 ಲಕ್ಷ. ಹೊಸದಾಗಿ ಸಾಲಿಗೆ ಸೇರುವವರು 134 ವರ್ಷ ಕಾಯಬೇಕೆಂದು ಅದೇ ವರ್ಷ ಅಮೆರಿಕದ ಚಿಂತಕರ ಚಾವಡಿ ಕೇಟೋ ಸಂಸ್ಥೆ ಲೆಕ್ಕ ಹಾಕಿತು. ಜವಾಹರಲಾಲ್ ನೆಹರೂ ಹುಟ್ಟಿದ 1889ರಲ್ಲಿ ಅರ್ಜಿ ಹಾಕಿದ್ದವನಿಗೆ 2023ರಲ್ಲಿ ಕಾರ್ಡು ಬಂದಂತೆ!

ಇಷ್ಟೂ ಅಂಕಿಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಸಾವಿರಕ್ಕೆ ನಾಲ್ವರೂ ಇಲ್ಲದವರ ಬಗ್ಗೆ ಗದ್ದಲ ಮುಗಿಲು ಮುಟ್ಟುತ್ತದೆ. ಭೂಮಿಗೆ ಮೂರು ಸುತ್ತು ಬರುವ ರಿಪೇರಿ ಬಿಲ್ಲಿನ ಬಗ್ಗೆ ಪಿಸುಮಾತೂ ಕೇಳುವುದಿಲ್ಲ. ಬಾಡಿಗೆ ನೆರವಿಗೆ ಅರ್ಹವಾದ ನಾಲ್ಕು ಅಮೆರಿಕನ್ ಕುಟುಂಬಗಳಲ್ಲಿ ಅದು ಸಿಗುವುದು ಒಂದಕ್ಕೆ ಮಾತ್ರ. 1994ರಲ್ಲಿ ಆ ದೇಶದಲ್ಲಿ 14 ಲಕ್ಷ ಸರ್ಕಾರಿ ಮನೆಗಳಿದ್ದವು; ಈಗ ಇರುವುದು 9 ಲಕ್ಷದ ಆಸುಪಾಸು. ಕೆಲವನ್ನು ಕೆಡವಿದರು, ಕೆಲವನ್ನು ಬೇರೆ ಯೋಜನೆಗಳಿಗೆ ದಾಟಿಸಿದರು. ಅದೇ ಅವಧಿಯಲ್ಲಿ ಅಮೆರಿಕದ ಜನಸಂಖ್ಯೆ 26 ಕೋಟಿಯಿಂದ 34 ಕೋಟಿಗೆ ಏರಿತು. ಸಾಲಿನಲ್ಲಿ ನಿಂತವರು ಯಾವ ದೇಶದವರೆಂದು ಎಣಿಸುವ ಮೊದಲು ಸಾಲಿನ ಆ ತುದಿಯಲ್ಲಿ ಮನೆ ಎಷ್ಟಿವೆ ಎಂದು ಎಣಿಸುವುದು ಲೇಸು.