ಊರಿನಲ್ಲೊಂದು ನಿವೇಶನ: ಹುಡುಕುವ ಮುನ್ನ ಹಾಕಬೇಕಾದ ಲೆಕ್ಕ

ಭಾನುವಾರ ಬೆಳಿಗ್ಗೆ ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಒಬ್ಬರಲ್ಲ ಒಬ್ಬರು ಜೇಬಿನಲ್ಲಿ ಮಡಿಸಿದ ಬಣ್ಣದ ಕಾಗದವೊಂದನ್ನು ತಂದಿರುತ್ತಾರೆ. ಊರಿನ ಕಡೆಯ ಯಾವುದೋ ಹೊಸ ಬಡಾವಣೆಯ ಜಾಹೀರಾತು. ಎದುರಿಗೆ ಕಮಾನು, ಕಮಾನಿನ ಆಚೆ ಕರಿಯ ಡಾಂಬರು ರಸ್ತೆ, ಇಕ್ಕೆಲಗಳಲ್ಲಿ ಗಿಡಗಳು. “ಕಾಕಾ, ಇದನ್ನ ತಗೋಬಹುದೇನ್ರಿ?” ಎಂದು ಕೇಳುತ್ತಾರೆ. ಡೊಂಬಿವಲಿಯಿಂದ ದಿನವೂ ಲೋಕಲ್ ಗಾಡಿಯಲ್ಲಿ ಜೋತಾಡಿ ಇಪ್ಪತ್ತು ವರ್ಷ ಉಳಿಸಿದ ಹಣದ ಪ್ರಶ್ನೆ ಅದು. ಊರಿನಲ್ಲಿ ಒಂದು ಜಾಗ ಕೊಂಡು, ಮೇಲೊಂದು ಕೆಳಗೊಂದು ಮನೆ ಕಟ್ಟಿ, ಬಾಡಿಗೆಯಿಂದ ನಿವೃತ್ತಿಯ ಕಾಲ ಕಳೆಯಬೇಕೆಂಬ ಆಸೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮವರು ಹುಡುಕುವ ಕ್ರಮ ತಲೆಕೆಳಗಾಗಿದೆ. ಮೊದಲು ಜಾಗ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ, ಆಮೇಲೆ ಕಾಗದ. ಕಟ್ಟಿದ ಮನೆಯಲ್ಲಿ ಯಾರು ಬಂದು ಇರುವರು ಎಂಬುದು ಎಲ್ಲಕ್ಕೂ ಕೊನೆಯ ಮಾತು. ಆ ಕೊನೆಯ ಮಾತನ್ನೇ ಮೊದಲು ಕೇಳಿಕೊಳ್ಳಬೇಕು.

ನಾನು ಧಾರವಾಡದ ಕಡೆಯವನಾದ್ದರಿಂದ ಉದಾಹರಣೆಗಳು ಆ ಕಡೆಯವು. ಕಾಯದೆ ಕರ್ನಾಟಕಕ್ಕೆಲ್ಲ ಒಂದೇ.

ಲೆಕ್ಕ ಹೀಗೆ. ಊರ ಹೊರಗೆ 30 ಅಡಿಗೆ 40 ಅಡಿಯ, ಎಂದರೆ 1,200 ಚದರ ಅಡಿಯ ನಿವೇಶನಕ್ಕೆ 18 ಲಕ್ಷ ಹೇಳಿದ್ದಾರೆಂದು ಇಟ್ಟುಕೊಳ್ಳಿರಿ. ಮುದ್ರಾಂಕ, ಸೆಸ್ಸು, ನೋಂದಣಿ ಸೇರಿ ಶೇಕಡಾ 7-8 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟಿನಲ್ಲಿ ಶೇಕಡಾ 1ರಿಂದ 2ಕ್ಕೆ ಏರಿತು. ಅಲ್ಲಿಗೆ ಜಾಗದ ಬಾಬತ್ತು ಹತ್ತೊಂಬತ್ತೂವರೆ ಲಕ್ಷದ ಹತ್ತಿರ. ಸುತ್ತ ಬಿಡಬೇಕಾದ ಜಾಗ ಬಿಟ್ಟು ಎರಡು ಅಂತಸ್ತಿನಲ್ಲಿ 1,600 ಚದರ ಅಡಿ ಕಟ್ಟಿದರೆ, ಅಡಿಗೆ 2,000ದಂತೆ 32 ಲಕ್ಷ. ಒಟ್ಟು 51 ಲಕ್ಷ ದಾಟಿತು. ಎರಡು ಮನೆಗೆ ತಿಂಗಳಿಗೆ 9,000ದಂತೆ ಬಾಡಿಗೆ ಬಂದರೆ ವರ್ಷಕ್ಕೆ 2 ಲಕ್ಷ 16 ಸಾವಿರ. ಶೇಕಡಾ ನಾಲ್ಕಕ್ಕಿಂತ ಒಂದಿಷ್ಟು ಹೆಚ್ಚು. ಬಾಗಿಲು ಹಾಕಿದ ತಿಂಗಳು, ಸುಣ್ಣ ಬಣ್ಣ, ಮನೆಪಟ್ಟಿ ಎಲ್ಲ ಇದರಲ್ಲೇ ಹೋಗಬೇಕು. ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರಗಳನ್ನು ಹಾಕಿ ನೋಡಿರಿ.

ಈಗ ಇದೇ ಲೆಕ್ಕವನ್ನು ಹಿಂದುಮುಂದು ಮಾಡಿರಿ. ನನಗೆ ಶೇಕಡಾ 6 ಬೇಕು ಎನ್ನಿರಿ. ವರ್ಷಕ್ಕೆ 2 ಲಕ್ಷ 16 ಸಾವಿರ ಬರಬೇಕಾದರೆ ನಾನು ಹೂಡಬಹುದಾದ ಒಟ್ಟು ಹಣ 36 ಲಕ್ಷ. ಅದರಲ್ಲಿ ಕಟ್ಟಡದ 32 ಕಳೆದರೆ ಜಾಗಕ್ಕೆ ಉಳಿಯುವುದು ನೋಂದಣಿಯೂ ಸೇರಿ 4 ಲಕ್ಷ! ಹದಿನೆಂಟು ಲಕ್ಷದ ಜಾಗ ಬಾಡಿಗೆ ಮನೆಗೆ ಸಲ್ಲದು. ಮುಂದೆ ಬೆಲೆ ಏರೀತು ಎಂಬ ಭರವಸೆಗೆ ಉಳಿದ 14 ಲಕ್ಷ ಕೊಟ್ಟಂತೆ. ಹಾಗೆಂದು ತಿಳಿದೇ ಕೊಂಡರೆ ಅದು ಅವರವರ ಧೈರ್ಯ. ತಿಳಿಯದೆ ಕೊಳ್ಳುವುದೇ ತೊಂದರೆ.

ಅದೇ 1,200 ಅಡಿ ಧಾರವಾಡದ ಸಪ್ತಾಪುರದಂಥ ಕಡೆ ಇದ್ದರೆ? ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಹೊರ ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು ಕೋಣೆ ಹುಡುಕುತ್ತ ತಿರುಗುವುದನ್ನು ನೀವೇ ಕಂಡಿದ್ದೀರಿ. ಅನುಮತಿ ಸಿಗುವಂಥ ನಕಾಶೆಯಲ್ಲಿ ಆರು ಕೋಣೆ, ಕೋಣೆಗೆ 5,000 ಎಂದರೆ ವರ್ಷಕ್ಕೆ 3 ಲಕ್ಷ 60 ಸಾವಿರ. ಶೇಕಡಾ 6ರಂತೆ ಒಟ್ಟು ಬಂಡವಾಳ 60 ಲಕ್ಷದವರೆಗೆ ಹೋಗಬಹುದು. ಬಚ್ಚಲುಗಳು ಹೆಚ್ಚಾದ್ದರಿಂದ ಕಟ್ಟಡಕ್ಕೆ 36 ಹಿಡಿದರೂ ಜಾಗಕ್ಕೆ 24 ಲಕ್ಷ ಕೊಡಬಹುದು. ಅದೇ ಅಳತೆ, ಅದೇ ಮಣ್ಣು. ಒಂದು ಕಡೆ 4, ಇನ್ನೊಂದು ಕಡೆ 24. ಆದಕಾರಣ ಮೊದಲು ಹುಡುಕಬೇಕಾದುದು ಜಾಗವನ್ನಲ್ಲ, ಬಾಡಿಗೆ ಕೊಡುವ ಜನರನ್ನು. ಕಾಲೇಜು, ಆಸ್ಪತ್ರೆ, ಕೈಗಾರಿಕಾ ವಸಾಹತು, ಬಸ್ಸಿನ ದಾರಿ ಎಲ್ಲಿವೆ, ಅಲ್ಲಿಂದ ನಡೆದು ಹತ್ತು ನಿಮಿಷದೊಳಗೆ ಏನಿದೆ ಎಂದು ನೋಡಿರಿ. ರಜೆಗೆ ಊರಿಗೆ ಹೋದಾಗ ಎರಡು ದಿನ ಇದಕ್ಕೇ ಇಟ್ಟುಕೊಳ್ಳಿರಿ. ಬಾಡಿಗೆಗೆ ಕೋಣೆ ಹುಡುಕುವವರಂತೆ ನಾಲ್ಕು ಮನೆ ಕೇಳಿದರೆ ನಿಜವಾದ ಬಾಡಿಗೆ ಗೊತ್ತಾಗುತ್ತದೆ. ದಲ್ಲಾಳಿ ಹೇಳುವ ಬಾಡಿಗೆಗೂ ಅದಕ್ಕೂ ಅಂತರವಿರುವುದುಂಟು.

ಹೀಗೆ ಒಂದು ಓಣಿ, ಒಂದು ಬಡಾವಣೆ ಗೊತ್ತಾದ ಮೇಲೆ ಅಲ್ಲಿಯೇ ಜಾಗ ಹುಡುಕಬೇಕು. ಜಾಹೀರಾತಿಗೆ ಬರುವುದು ಹೊಸ ಬಡಾವಣೆ ಮಾತ್ರ. ಊರೊಳಗೆ ಬಿದ್ದಿರುವ ಹಳೆಯ ಹೆಂಚಿನ ಮನೆ, ಅಣ್ಣತಮ್ಮಂದಿರು ಪಾಲಾಗಿ ಯಾರೂ ವಾಸವಿರದ ಹಿತ್ತಲು, ಇವುಗಳ ಸುದ್ದಿ ಯಾವ ಕಾಗದದಲ್ಲೂ ಅಚ್ಚಾಗುವುದಿಲ್ಲ. ಅದು ಗೊತ್ತಿರುವುದು ಅಂಚೆಯವನಿಗೆ, ನಲ್ಲಿ ನೀರು ಬಿಡುವವನಿಗೆ, ವಿದ್ಯುತ್ತಿನ ಮೀಟರು ಬರೆಯುವವನಿಗೆ, ಆ ಓಣಿಯ ಗೌಂಡಿಗೆ. ಇವರೊಡನೆ ಒಂದು ಚಹಾ ಕುಡಿದರೆ ಹತ್ತು ಜಾಹೀರಾತು ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರಗಳು ತಮ್ಮಲ್ಲಿ ಉಳಿದ ಮೂಲೆ ನಿವೇಶನಗಳನ್ನು ಆಗಾಗ ಹರಾಜು ಹಾಕುತ್ತವೆ. ಅವುಗಳ ಹಕ್ಕು ಸಾಮಾನ್ಯವಾಗಿ ಚೊಕ್ಕಟ, ಆದರೆ ಹರಾಜಿನ ಹುರುಪಿನಲ್ಲಿ ಬೆಲೆ ಲೆಕ್ಕ ಮೀರುತ್ತದೆ. ಸಾಲ ತೀರದ ಆಸ್ತಿಗಳನ್ನು ಬ್ಯಾಂಕುಗಳು 2002ರ ಕಾಯದೆಯಂತೆ ಹರಾಜು ಹಾಕುವುದೂ ಉಂಟು. ಅಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ: ಸ್ವಾಧೀನ ಕಾಗದದ ಮೇಲೋ, ಬೀಗ ನಿಜವಾಗಿಯೂ ಬ್ಯಾಂಕಿನ ಕೈಯಲ್ಲೋ? ಒಳಗೆ ಜನ ಇದ್ದರೆ ಮುಂಬಯಿಯಲ್ಲಿ ಕೂತು ಅವರನ್ನು ಬಿಡಿಸುವುದು ನಮ್ಮಂಥವರ ಕೆಲಸವಲ್ಲ.

ಜಾಗವನ್ನು ಎರಡು ಸಲ ನೋಡಬೇಕು. ಒಮ್ಮೆ ಮೇ ತಿಂಗಳಲ್ಲಿ, ಒಮ್ಮೆ ಆಷಾಢದ ಮಳೆಯಲ್ಲಿ. ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅಲ್ಲಿ ಬುನಾದಿಯ ಖರ್ಚು ಬೇರೆಯೇ ಲೆಕ್ಕ. ಮಳೆಗಾಲದಲ್ಲಿ ನೋಡಿದರೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ತಾನೇ ತೋರಿಸುತ್ತದೆ. ಬೇಸಿಗೆಯಲ್ಲಿ ತಗ್ಗಿನ ದಾರಿಯಂತೆ ಕಂಡದ್ದು ಹಳ್ಳವಾಗಿರಬಹುದು. ತಲೆಯ ಮೇಲೆ ಹಾದ ವಿದ್ಯುತ್ ತಂತಿ, ಚರಂಡಿ ಎಲ್ಲಿಗೆ ಮುಗಿಯುತ್ತದೆ ಎಂಬುದು, ಇವನ್ನೂ ನೋಡಿರಿ.

ಇಲ್ಲಿ ನನ್ನದೇ ಒಂದು ಕಥೆಯನ್ನು ಹೇಳದೆ ವಿಧಿಯಿಲ್ಲ. 1996ರಲ್ಲಿ ನಾನೂ ಒಂದು ಜಾಹೀರಾತು ನಂಬಿ 40,000 ರೂಪಾಯಿ ಕಟ್ಟಿದೆ. ದಾದರಿನಲ್ಲಿ ಒಂದು ಸಭೆ, ಊರಿನಲ್ಲಿ ಸಂಜೆಯ ಹೊತ್ತಿಗೆ ಜೀಪಿನಲ್ಲಿ ಒಂದು ಸುತ್ತು, ಕೈಗೆ ಛಾಪಾ ಕಾಗದದ ಕರಾರು ಪತ್ರ ಮತ್ತು ಒಂದು ಮುಖ್ತ್ಯಾರ ಪತ್ರ. 2009ರಲ್ಲಿ ಗೌಂಡಿಯನ್ನು ಕರೆದುಕೊಂಡು ಹೋದರೆ ನನ್ನ ನಿವೇಶನದಲ್ಲಿ ಜೋಳ ಆಳೆತ್ತರ ಬೆಳೆದಿತ್ತು. ಹೊಲದ ಯಜಮಾನನ ಮಗ ಒಳ್ಳೆಯವನು, ನೀರು ಕೊಟ್ಟ. “ನಮ್ಮಪ್ಪ ಮುಂಗಡ ತಗೊಂಡದ್ದು ಖರೆ ರೀ, ಹೊಲ ಮಾರಿಲ್ಲ” ಎಂದ. ಮಾರಿದವರ ಕಚೇರಿ ಇದ್ದ ಜಾಗದಲ್ಲಿ ಔಷಧದ ಅಂಗಡಿ. ರಾತ್ರಿ ಮನೆಯಲ್ಲಿ ಹಳೆಯ ನಕಾಶೆ ಬಿಡಿಸಿ ಎಣಿಸಿದೆ: ಎರಡು ಎಕರೆಯಲ್ಲಿ 68 ನಿವೇಶನ. ಒಂದು ಎಕರೆಗೆ 40 ಗುಂಟೆ, 43,560 ಚದರ ಅಡಿ, ಎರಡಕ್ಕೆ 87,120. ಅರವತ್ತೆಂಟು ನಿವೇಶನಗಳೇ 81,600 ತಿಂದರೆ ರಸ್ತೆ, ಚರಂಡಿ, ಉದ್ಯಾನಕ್ಕೆ ಉಳಿದದ್ದು 5,520. ನಿಯಮದಂತೆ ಮಾಡಿದ ಬಡಾವಣೆಯಲ್ಲಿ ನಿವೇಶನಕ್ಕೆ ಸಿಗುವುದು ಜಮೀನಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಈ ಅಳತೆಯವು ಎಕರೆಗೆ ಇಪ್ಪತ್ತರ ಸುಮಾರು. ಹದಿಮೂರು ವರ್ಷ ಆ ನಕಾಶೆ ನನ್ನ ಟ್ರಂಕಿನಲ್ಲಿತ್ತು. ದಿನವೂ ಪರರ ಲೆಕ್ಕ ಬರೆಯುತ್ತಿದ್ದವನಿಗೆ ಒಂದು ಗುಣಾಕಾರ ಹೊಳೆಯಲಿಲ್ಲ.

ಮುಖ್ತ್ಯಾರ ಪತ್ರದ ಮೇಲಿನ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟ ಹೇಳಿದೆ. ನೋಂದಾಯಿತ ಕ್ರಯಪತ್ರವಿಲ್ಲದೆ ಯಾವುದೂ ನಮ್ಮದಲ್ಲ.

ಕಾಗದಪತ್ರಗಳ ವಿಚಾರ ವಕೀಲರದ್ದು. ಅವರ ಶುಲ್ಕ ಉಳಿಸಲು ಹೋಗಬಾರದು. ಆದರೂ ವಕೀಲರ ಬಳಿ ಹೋಗುವ ಮುನ್ನ ನಾವೇ ನೋಡಬಹುದಾದವು ಕೆಲವಿವೆ. ಕರ್ನಾಟಕದ ಪಹಣಿ, ಅಂದರೆ ನಮ್ಮ ಕಡೆ ಉತಾರ, ಈಗ ಮುಂಬಯಿಯಲ್ಲಿ ಕೂತೇ ಫೋನಿನಲ್ಲಿ ಸಿಗುತ್ತದೆ. ಅದರ 9ನೆಯ ಕಾಲಮಿನಲ್ಲಿ ಒಡೆಯರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು. ಖರಾಬು ಎಂದು ಬರೆದ ಗುಂಟೆಗಳನ್ನು ಗಮನಿಸಿರಿ; ‘ಬಿ’ ಖರಾಬು ಹಳ್ಳ, ದಾರಿಗಳಂಥ ಸಾರ್ವಜನಿಕ ನೆಲ, ಮಾರಲು ಬಾರದು. ಸರ್ವೆ ಇಲಾಖೆಯ ‘ದಿಶಾಂಕ್’ ಎಂಬುದನ್ನು ಫೋನಿಗೆ ಹಾಕಿಕೊಂಡು ಜಾಗದಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರೆಂದು ತೋರಿಸುತ್ತದೆ. ತೋರಿಸಿದ ಹೊಲವೇ ಬೇರೆ, ಬರೆದುಕೊಟ್ಟ ನಂಬರೇ ಬೇರೆ ಎಂಬ ಮೋಸ ಇದರಿಂದ ಅಲ್ಲಿಯೇ ಬಯಲಾಗುತ್ತದೆ. ಋಣಭಾರ ಪತ್ರವನ್ನು, ಜನ ಇ.ಸಿ. ಎನ್ನುವುದನ್ನು, 30 ವರ್ಷಕ್ಕೆ ತೆಗೆಸಿರಿ. ಆದರೆ ನೋಂದಣಿಯಾಗದ ಪಾಲು, ಕೋರ್ಟಿನ ವ್ಯಾಜ್ಯ ಅದರಲ್ಲಿ ಕಾಣಬೇಕೆಂದಿಲ್ಲ. ಸರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನು 1978ರ ಕಾಯದೆಯಂತೆ ಸರಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ; ಎಷ್ಟು ವರ್ಷ ಕಳೆದರೂ ಮೂಲ ಒಡೆಯರು ಮರಳಿ ಕೇಳಬಹುದೆಂದು 2023ರಲ್ಲಿ ತಿದ್ದುಪಡಿಯಾಗಿದೆ. ಅದು ನ್ಯಾಯವೇ.

“ಎನ್.ಎ. ಆಗಿದೆ” ಎಂಬ ಮಾತಿಗೆ ನಮ್ಮವರು ಬೇಗ ಮರುಳಾಗುತ್ತಾರೆ. ವ್ಯವಸಾಯದ ನೆಲವನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸಿದ್ದು ಒಂದು ಹೆಜ್ಜೆ. ಬಡಾವಣೆಯ ನಕಾಶೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಇನ್ನೊಂದು. ಮಹಾಯೋಜನೆಯ ನಕ್ಷೆಯಲ್ಲಿ ಆ ಜಾಗ ವಸತಿಯ ಹಳದಿ ಬಣ್ಣದಲ್ಲಿದೆಯೋ, ಅದರ ಮೇಲೆ ಮುಂದಿನ ರಸ್ತೆಯ ಗೆರೆ ಹಾದಿದೆಯೋ ಎಂಬುದು ಮತ್ತೊಂದು. ಕೃಷಿಕರಲ್ಲದವರು ಹೊಲ ಕೊಳ್ಳಬಾರದೆಂಬ ನಿರ್ಬಂಧ ಕರ್ನಾಟಕದಲ್ಲಿ 2020ರಲ್ಲಿ ಹೋಯಿತು, ನಿಜ. ಆದರೆ ಕೊಳ್ಳಬಹುದು ಎಂದರೆ ಕಟ್ಟಬಹುದು ಎಂದಲ್ಲ. ಕರ್ಜತ್, ಬದ್ಲಾಪುರದ ಕಡೆ ನೋಡುವವರು ನೆನಪಿಡಬೇಕಾದುದು, ಮಹಾರಾಷ್ಟ್ರದಲ್ಲಿ ಆ ನಿರ್ಬಂಧ ಇನ್ನೂ ಇದೆ. ಅಲ್ಲಿ ಸಾತ್‌ಬಾರಾ ನೋಡದೆ ಕೈ ಹಾಕಬಾರದು.

ಹೊಸ ಬಡಾವಣೆಯೇ ಬೇಕೆಂದಾದರೆ, 500 ಚದರ ಮೀಟರಿಗಿಂತ ಹೆಚ್ಚಿನ ಯೋಜನೆ ರೇರಾದಲ್ಲಿ ನೋಂದಣಿಯಾಗಿರಬೇಕು. 2016ರ ಕಾಯದೆ ಅದು. ನೋಂದಣಿ ಸಂಖ್ಯೆಯನ್ನು ರೇರಾದ ಜಾಲತಾಣದಲ್ಲಿ ನೀವೇ ಹಾಕಿ ನೋಡಿರಿ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಕೇಳಲು ಅವರಿಗೆ ಹಕ್ಕಿಲ್ಲ. “ಇಂದೇ ಕೊಟ್ಟರೆ ಈ ದರ” ಎಂದವರಿಗೆ ಈ ಒಂದು ಮಾತು ಹೇಳಿ ನೋಡಿರಿ, ಮುಖ ಹೇಗಾಗುತ್ತದೆಂದು.

ನಾನು ಎರಡನೆಯ ಸಲ ಕೊಂಡದ್ದು 2014ರಲ್ಲಿ, ಧಾರವಾಡದ ಒಳಗೆ, ಒಂದು ಮುರುಕು ಹೆಂಚಿನ ಮನೆ. ನೀರು ಬಿಡುವವನು ಹೇಳಿದ ಸುದ್ದಿ ಅದು. ಮೂವರು ಅಣ್ಣತಮ್ಮಂದಿರು ಸಹಿಗೆ ಸಿದ್ಧವಾಗಿದ್ದರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲೆಂದು 2005ರಲ್ಲೇ ಕಾಯದೆಯಾಗಿದ್ದರಿಂದ, ಸೊಲ್ಲಾಪುರಕ್ಕೆ ಕೊಟ್ಟ ತಂಗಿಯ ಸಹಿಯೂ ಬೇಕೆಂದು ವಕೀಲರು ಹಟ ಹಿಡಿದರು. ಆಕೆಗೆ ಬಾಣಂತನ, ಆಮೇಲೆ ಮಗುವಿನ ಕಾಯಿಲೆ. ನಾಲ್ಕು ತಿಂಗಳು ಕಾದೆ. ಆ ಅವಧಿಯಲ್ಲಿ ನಡುವೆ ಸೇರಿಕೊಂಡ ದಲ್ಲಾಳಿಯೊಬ್ಬ ಬೇರೆ ಗಿರಾಕಿ ನಗದು ಹಿಡಿದು ನಿಂತಿದ್ದಾನೆಂದು ಎರಡು ಸಲ ಫೋನು ಮಾಡಿ ಹೆದರಿಸಿದ. ಕೊನೆಗೆ ತಂಗಿ ಮಗುವನ್ನು ಎತ್ತಿಕೊಂಡು ರೈಲಿನಲ್ಲಿ ಬಂದು ಸಹಿ ಹಾಕಿ, ತನ್ನ ಪಾಲಿನ ಚೆಕ್ಕನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಆ ಬೇರೆ ಗಿರಾಕಿಯನ್ನು ಮಾತ್ರ ಇಂದಿನವರೆಗೂ ಯಾರೂ ಕಂಡಿಲ್ಲ.